‘ಬಂದದ್ದನ್ನು ಕಳಿಸಿದ್ದೇನೆ’: ಪಕ್ಷಪಾತದ ಸಂಕಥನ ಮತ್ತು ಹೊಣೆ ವಿಸರ್ಜನೆಯ ತಾತ್ವಿಕ ನೆಲೆಗಳು

ಅಧ್ಯಾಯ 1: ಪ್ರಸ್ತಾವನೆ

ಸಮಕಾಲೀನ ಕನ್ನಡ ಸಾರ್ವಜನಿಕ ವಲಯದ ಬಹುಮುಖಿ ಆಯಾಮಗಳನ್ನು ವಸಾಹತೋತ್ತರ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗಿಸಿ, ಯಜಮಾನ್ಯದ ಸಂಕಥನಗಳೊಳಗೆ ಹುದುಗಿರುವ ಪಕ್ಷಪಾತದ ಚಹರೆಗಳನ್ನು ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ. ಈ ವಾಕ್ಯದ ಅರ್ಥ ಪ್ರಬಂಧಕಾರನಿಗೂ ಸ್ಪಷ್ಟವಿಲ್ಲ. ಆದರೆ ಇಂಥದೊಂದು ವಾಕ್ಯವಿಲ್ಲದೆ ನಮ್ಮಲ್ಲಿ ಯಾವ ವಿಚಾರ ಸಂಕಿರಣವೂ ಉದ್ಘಾಟನೆಯಾದದ್ದಿಲ್ಲ. ಸಂಪ್ರದಾಯ ಮುರಿಯುವ ಧೈರ್ಯ ನನಗಿಲ್ಲ.

ಪ್ರಬಂಧದ ಪ್ರೇರಣೆ ಜುಲೈ ತಿಂಗಳು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅದರ ಫಲವಾಗಿ ಇವತ್ತಿಗೂ ತಿಂಗಳಿಡೀ ತಾಲ್ಲೂಕು ತಾಲ್ಲೂಕಿನಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಹತ್ತೂವರೆಗೆಂದು ಅಚ್ಚುಹಾಕಿಸಿದ ಕಾರ್ಯಕ್ರಮಕ್ಕೆ ಶಾಸಕರು ಹನ್ನೆರಡೂಕಾಲಿಗೆ ಬರುತ್ತಾರೆ. ಪತ್ರಿಕಾರಂಗ ಪ್ರಜಾಪ್ರಭುತ್ವದ ನಾಲ್ಕನೇ ಅಂಗ ಎನ್ನುತ್ತಾರೆ. ಸಮಾಜದ ಓರೆಕೋರೆ ತಿದ್ದಬೇಕು ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, ಇತ್ತೀಚೆಗೆ ಕೆಲವು ಮಾಧ್ಯಮಗಳು ಹಾದಿ ತಪ್ಪಿವೆ ಎಂದು ವಿಷಾದಿಸುತ್ತಾರೆ. ಅವರ ವಿಷಾದ ಮಾರನೆಯ ದಿನ ಫೋಟೊ ಸಮೇತ ಮೂರು ಕಾಲಂ ಬರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ‘ಮಾಧ್ಯಮಗಳ ಸಾಮಾಜಿಕ ಹೊಣೆಗಾರಿಕೆ’ ಎಂಬ ಬ್ಯಾನರಿನ ಕೆಳಗೆ ಎಷ್ಟು ಮಧ್ಯಾಹ್ನ ಹಸಿದು ಕೂತಿದ್ದೇನೋ ಲೆಕ್ಕವಿಟ್ಟಿಲ್ಲ. ಆ ಸಭೆಗಳಲ್ಲಿ ಹೊಣೆ ಯಾವಾಗಲೂ ಪರವೂರಿನದು. ವೇದಿಕೆಯ ಮೇಲಿನವರ ಹೊಣೆ, ಕೆಳಗೆ ಕೂತವರ ಹೊಣೆ ಯಾವ ಆಹ್ವಾನ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ.

ಅಧ್ಯಾಯ 2: ಪೂರ್ವಾಧ್ಯಯನಗಳ ಸಮೀಕ್ಷೆ

ಈ ಕ್ಷೇತ್ರದ ಗಂಭೀರ ಪೂರ್ವಾಧ್ಯಯನ ಭಾರತೀಯ ಪತ್ರಿಕಾ ಮಂಡಳಿಯದು. 2009ರ ಚುನಾವಣೆಯಲ್ಲಿ ಅಭ್ಯರ್ಥಿಗಳಿಂದ ದುಡ್ಡು ತೆಗೆದುಕೊಂಡು ಜಾಹೀರಾತನ್ನೇ ಸುದ್ದಿಯ ವೇಷದಲ್ಲಿ ಅಚ್ಚುಹಾಕಿದರೆಂಬ ದೂರು ಎದ್ದಾಗ, ಮಂಡಳಿ ಪರಂಜಾಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಎಂಬ ಇಬ್ಬರಿಂದ ವರದಿ ಬರೆಸಿತು. ಅವರು ಪತ್ರಿಕೆಗಳ ಹೆಸರು ಹಿಡಿದೇ ಬರೆದುಬಿಟ್ಟರು. ಸಂಶೋಧನಾ ಶಿಸ್ತಿನ ದೃಷ್ಟಿಯಿಂದ ಇದು ಅಕ್ಷಮ್ಯ. ಮಂಡಳಿ 2010ರಲ್ಲಿ ಹೆಸರುಗಳಿಲ್ಲದ ಚುಟುಕು ವರದಿಯೊಂದನ್ನು ಹೊರಡಿಸಿ ಪೂರ್ತಿ ವರದಿಯನ್ನು ಕಪಾಟಿಗೆ ಸೇರಿಸಿತು. ಕೇಂದ್ರ ಮಾಹಿತಿ ಆಯೋಗ ಕಿವಿ ಹಿಂಡಿದ ಮೇಲೆ, 2011ರಲ್ಲಿ, ಅದು ಬೆಳಕಿಗೆ ಬಂತು. ಸುದ್ದಿ ಮಾರಾಟದ ವರದಿಯೇ ಸುದ್ದಿಯಾಗದಂತೆ ನೋಡಿಕೊಂಡ ಈ ಸಾಧನೆಯನ್ನು ಮೀರಿಸುವುದು ನನ್ನಂಥ ಅಣಕು ಪ್ರಬಂಧಕಾರನಿಂದಾಗದು.

ವಾಹಿನಿಗಳ ಪೂರ್ವಪಕ್ಷ ಒಂದೇ ಸಾಲಿನದು: ‘ಜನ ಇದನ್ನೇ ಕೇಳ್ತಾರೆ ಸಾರ್.’ ಈ ‘ಜನ’ ಎಂಬ ಪರಿಕಲ್ಪನೆಯನ್ನು ತುಸು ಬಿಡಿಸಿ ನೋಡೋಣ. 2020ರಲ್ಲಿ ಟಿಆರ್‌ಪಿ ಹಗರಣ ಎದ್ದಾಗ ಇಡೀ ದೇಶದಲ್ಲಿ, ಯಾವ ಚಾನೆಲ್ ನೋಡುತ್ತಾರೆಂದು ಅಳೆಯುವ ಮೀಟರ್ ಕೂರಿಸಿದ್ದ ಮನೆಗಳು ಸುಮಾರು 44 ಸಾವಿರ. ಅಂಥ ಕೆಲವು ಮನೆಗಳಿಗೆ ಕಾಸು ಕೊಟ್ಟು, ನೋಡಲಿ ಬಿಡಲಿ, ಇಂಥದೇ ಚಾನೆಲ್ ಹಾಕಿಡಿ ಎಂದು ಹೇಳಿದ್ದರೆಂಬುದು ಮುಂಬೈ ಪೊಲೀಸರ ಆರೋಪ. ಅಕ್ಟೋಬರಿನಲ್ಲಿ ಸುದ್ದಿವಾಹಿನಿಗಳ ವಾರದ ರೇಟಿಂಗ್ ನಿಲ್ಲಿಸಿದರು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಹದಿನೇಳು ತಿಂಗಳು, ಜನ ಏನು ನೋಡುತ್ತಾರೆಂಬ ವಾರದ ಪಟ್ಟಿ ಯಾವ ಸಂಪಾದಕರ ಮೇಜಿಗೂ ಬರಲಿಲ್ಲ. ಆದರೂ ರಾತ್ರಿ ಒಂಬತ್ತರ ಅರಚಾಟ ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ. ಅಂದರೆ, ಜನ ಕೇಳಿದ್ದಕ್ಕೆ ಕಿರುಚುತ್ತಿದ್ದೇವೆ ಎಂಬುದು ಸುಳ್ಳು. ಕಿರುಚುವುದು ಅವರಿಗೆ ಅಗ್ಗ. ವರದಿಗಾರನನ್ನು ಜಿಲ್ಲೆಗೆ ಕಳಿಸಬೇಕಾದರೆ ಖರ್ಚಿದೆ. ಆರು ಜನರನ್ನು ಆರು ಕಿಟಕಿಯಲ್ಲಿ ಕೂರಿಸಿದರೆ ಗಂಟೆ ಕಳೆಯುತ್ತದೆ. ಆರರಲ್ಲಿ ಒಬ್ಬರ ಮೈಕು ಮುಚ್ಚಿರುತ್ತದೆ. ಬಾಯಿ ಮಾತ್ರ ಆಡುತ್ತಿರುತ್ತದೆ. ಕೆಳಗೆ ಕೆಂಪು ಪಟ್ಟಿಯಲ್ಲಿ ಅವರು ಹೇಳದೇ ಇದ್ದದ್ದು ಓಡುತ್ತಿರುತ್ತದೆ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ. ‘ಗಲಭೆ ಹಿಂದೆ ವಿದೇಶಿ ಕೈವಾಡ?’ ಎಂದು ಹಾಕಿದ ಮೇಲೆ ಹೊಣೆಯೆಲ್ಲ ಆ ಚಿಹ್ನೆಯದು.

ವಾಹಿನಿಗಳ ಮಾಲೀಕರ ವಿಚಾರ ಹೆಚ್ಚು ಬೆಳೆಸುವುದಿಲ್ಲ. ಕನ್ನಡದಲ್ಲಿ ಕೆಲವನ್ನು ರಾಜಕಾರಣಿಗಳೋ ಅವರ ಮನೆಯವರೋ ಹುಟ್ಟುಹಾಕಿದ್ದು, ಕೊಂಡುಕೊಂಡದ್ದು ಗುಟ್ಟೇನಲ್ಲ. ಪಕ್ಷಪಾತ ಇದೆ. ಇದನ್ನು ಸಾಬೀತುಪಡಿಸಲು ಪ್ರಬಂಧ ಬೇಕಿಲ್ಲ.

ಅಧ್ಯಾಯ 3: ಪ್ರಾಕ್ಕಲ್ಪನೆ ಮತ್ತು ಕ್ಷೇತ್ರಕಾರ್ಯ

ಪ್ರಸ್ತುತ ಅಧ್ಯಯನದ ಪ್ರಾಕ್ಕಲ್ಪನೆ: ‘ಎಲ್ಲ ಮಾಧ್ಯಮಗಳೂ ಪಕ್ಷಪಾತಿಗಳು, ನಾನೊಬ್ಬ ಅಲ್ಲ.’ ಇದನ್ನು ಪರೀಕ್ಷಿಸಲು ‘ನಮ್ಮ ಕುಟುಂಬ’ ಎಂಬ ವಾಟ್ಸ್‌ಆ್ಯಪ್ ಗುಂಪನ್ನು ಕ್ಷೇತ್ರವಾಗಿ ಆರಿಸಿಕೊಳ್ಳಲಾಯಿತು. ಕ್ಷೇತ್ರಕ್ಕೆ ಪ್ರವೇಶ ಸುಲಭ, ನಿರ್ಗಮನ ಅಸಾಧ್ಯ. ಹೊರಬಿದ್ದರೆ ಅತ್ತೆ ಫೋನು ಮಾಡಿ ‘ನಮ್ಮೇಲೆ ಏನೋ ಬೇಜಾರು ಕಣೆ ಅವ್ನಿಗೆ’ ಎಂದು ಅಮ್ಮನ ಹತ್ತಿರ ಅಳುತ್ತಾರೆ.

ಮುಖ್ಯ ವಕ್ತೃ ನನ್ನ ಚಿಕ್ಕಪ್ಪ. ನಿವೃತ್ತ ಹೆಡ್‌ಮಾಸ್ಟರು. ನಮಗೆಲ್ಲ ಲೆಕ್ಕ ಹೇಳಿಕೊಟ್ಟವರು ಅವರೇ. ಉತ್ತರ ಸರಿಯಾಗಿ ಬರೆದು ತೋರಿಸಿದರೂ ‘ಕ್ರಮ ಎಲ್ಲೋ? ಪಕ್ಕದವನದು ನೋಡಿ ಬರೆದ್ಯಾ?’ ಎಂದು ಎರಡು ಅಂಕ ಕಡಿಯುತ್ತಿದ್ದರು. ಆ ಮನುಷ್ಯ 2016ರ ನವೆಂಬರಿನಲ್ಲಿ, ಹೊಸ 2000ದ ನೋಟಿನೊಳಗೆ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಸಿಗ್ನಲ್ ಹೋಗುತ್ತದೆ ಎಂಬುದನ್ನು ನಮಗೆಲ್ಲ ಕಳಿಸಿದರು. ಟಿವಿ ಸ್ಟುಡಿಯೋಗಳೂ ಅದನ್ನೇ ಗ್ರಾಫಿಕ್ಸ್ ಹಾಕಿ ವಿವರಿಸಿದವು. ಅಂಥದ್ದೇನೂ ಇಲ್ಲವೆಂದು ಸರಕಾರ ಹೇಳಿದ್ದು ಗುಂಪಿಗೆ ಬರಲಿಲ್ಲ. 2023ರ ಮೇ 19ರಂದು ರಿಸರ್ವ್ ಬ್ಯಾಂಕು ಆ ನೋಟನ್ನೇ ವಾಪಸು ಪಡೆಯುವುದಾಗಿ ಘೋಷಿಸಿತು. ಅದು ಕೂಡ ಎಂಥ ಮುಂದಾಲೋಚನೆ ಎಂಬ ಒಂದು ಫಾರ್ವರ್ಡ್ ಬಂತು. ಹಬ್ಬದಲ್ಲಿ ಸಿಕ್ಕಾಗ ಸಂದರ್ಶನ ನಡೆಸಿದೆ.

‘ಚಿಕ್ಕಪ್ಪ, ಆ ಚಿಪ್ಪಿನದು ನಿಮಗೆ ಯಾರು ಕಳಿಸಿದ್ದು?’

‘ಯಾರೋ ಕಳ್ಸಿದ್ರಪ್ಪ. ಬಂದಿದ್ದು ಕಳಿಸ್ದೆ.’

‘ಸುಳ್ಳು ಅಂತ ಗೊತ್ತಾದ ಮೇಲೆ ಗುಂಪಿನಲ್ಲಿ ಹೇಳಬಹುದಿತ್ತಲ್ಲ?’

‘ನಾನೇನು ಬರೆದಿದ್ನಾ? ಟಿವಿಯೋರೇ ಹೇಳಿದ್ದು. ಈ ಮೀಡಿಯಾದೋರು ಎಲ್ಲ ಮಾರ್ಕೊಂಡಿದ್ದಾರೆ ಕಣೋ, ಒಬ್ರನ್ನೂ ನಂಬೋ ಹಾಗಿಲ್ಲ.’

ದತ್ತಾಂಶ ವಿಶ್ಲೇಷಣೆ: ನಂಬುವ ಹಾಗಿಲ್ಲದವರು ಹೇಳಿದ್ದೇ ಆಧಾರ, ಆಧಾರ ಸುಳ್ಳಾದಾಗ ಅವರು ನಂಬುವ ಹಾಗಿಲ್ಲದವರು. ಹೀಗೆ ವಾಹಿನಿಯ ಹೊಣೆ ‘ಮೂಲ’ಗಳ ಮೇಲೆ, ಚಿಕ್ಕಪ್ಪನ ಹೊಣೆ ವಾಹಿನಿಯ ಮೇಲೆ, ಗುಂಪಿನ ಹೊಣೆ ಚಿಕ್ಕಪ್ಪನ ಮೇಲೆ ಬಿದ್ದು, ಕೊನೆಗೆ ಯಾರ ಮೈಮೇಲೂ ಒಂದು ಹನಿ ಉಳಿಯದೆ ಜಾರಿಹೋಗುವ ವಿದ್ಯಮಾನಕ್ಕೆ ‘ನಿರಂತರ ಹೊಣೆ ಸ್ಥಾನಾಂತರ ಪ್ರಕ್ರಿಯೆ’ ಎಂದು ನಾಮಕರಣ ಮಾಡಲಾಗಿದೆ. ಪೇಟೆಂಟ್‌ಗೆ ಅರ್ಜಿ ಹಾಕುವ ಆಲೋಚನೆ ಇದೆ.

ಅಧ್ಯಾಯ 4: ಚರ್ಚಾಕಾರರ ಅಷ್ಟವಿಧ ವರ್ಗೀಕರಣ

ರಾಜಕೀಯ ಚರ್ಚೆಯಲ್ಲಿ ತೊಡಗುವ ಜೀವಿಗಳನ್ನು ಎಂಟು ಪ್ರಭೇದಗಳಾಗಿ ವಿಂಗಡಿಸಲಾಗಿದೆ.

ಒಂದನೆಯದು ವಾಹಕ. ಲಕ್ಷಣ: ಬಂದದ್ದನ್ನು ಕಳಿಸುವುದು. ಓದಿ ಕಳಿಸುವ ಉಪಪ್ರಭೇದ ಅಳಿವಿನ ಅಂಚಿನಲ್ಲಿದೆ.

ಎರಡನೆಯದು ಜಿಜ್ಞಾಸು. ‘ಇದು ನಿಜವೇ? ತಿಳಿದವರು ತಿಳಿಸಿ’ ಎಂಬ ತಲೆಬರಹ ಕೊಟ್ಟು ಹಸಿ ಸುಳ್ಳನ್ನು ಹನ್ನೊಂದು ಗುಂಪಿಗೆ ಹಾಕುವವರು. ಸ್ಟುಡಿಯೋದ ಪ್ರಶ್ನಾರ್ಥಕ ಚಿಹ್ನೆಗೆ ಇವರು ರಕ್ತಸಂಬಂಧಿಗಳು. ತಿಳಿದವರು ತಿಳಿಸಿದರೆ ಗುಂಪಿನ ವಾತಾವರಣ ಕೆಡಿಸಿದಿರೆಂದು ಮುನಿಸಿಕೊಳ್ಳುತ್ತಾರೆ.

ಮೂರನೆಯದು ‘ಆಗೆಲ್ಲಿ ಹೋಗಿದ್ರಿ’. ಯಾವ ಪಕ್ಷದವರಾದರೂ ಆಗಬಹುದು. ಈ ವಿಷಯದಲ್ಲಿ ಮಾತ್ರ ನಮ್ಮ ರಾಜಕಾರಣ ನಿಜವಾಗಿ ಸರ್ವಪಕ್ಷೀಯ. ರಸ್ತೆ ಗುಂಡಿಯ ಬಗ್ಗೆ ಕೇಳಿದರೆ ಹಿಂದಿನ ಸರಕಾರದ ಗುಂಡಿ, ಅದಕ್ಕೂ ಹಿಂದಿನ ಗುಂಡಿ, ಹೀಗೆ ಟಿಪ್ಪು ಸುಲ್ತಾನನವರೆಗೆ ಹೋಗುತ್ತಾರೆ. ಗುಂಡಿ ಮಾತ್ರ ಹಾಗೇ ಇರುತ್ತದೆ.

ನಾಲ್ಕನೆಯದು ಮೌನಿ. ಸುಳ್ಳೆಂದು ಇವರಿಗೆ ಗೊತ್ತು. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಕೋರ್ಟಿನಲ್ಲಿ ಕೆಲಸ ಮಾಡುವವರು. ಚಿಪ್ಪಿನ ಕಥೆ ಬಂದ ದಿನ ಕ್ಯಾಷ್ ಕೌಂಟರಿನಲ್ಲಿ ಕೂತು ಅದೇ ನೋಟು ಎಣಿಸುತ್ತಿದ್ದವರೂ ಇವರಲ್ಲಿದ್ದರು. ದೊಡ್ಡವರಿಗೆ ಎದುರಾಡಬಾರದೆಂದು ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾದರು. ಕಳಿಸಿದವರು ಅದನ್ನು ಒಪ್ಪಿಗೆಯೆಂದೇ ಓದಿಕೊಂಡರು.

ಐದನೆಯದು… ಐದರಿಂದ ಎಂಟರವರೆಗಿನದನ್ನು ಬಿಟ್ಟುಬಿಡುತ್ತೇನೆ. ನಾಲ್ಕನೆಯದನ್ನು ಬರೆಯುವಾಗಲೇ ನಗು ನಿಂತಿತು. ವಾಹಕ ಎಂದು ನಾನು ತಮಾಷೆಗೆ ಹೆಸರಿಟ್ಟ ಪ್ರಾಣಿ ಏನು ಮಾಡಬಲ್ಲದೆಂಬುದಕ್ಕೆ ಈ ರಾಜ್ಯದಲ್ಲೇ ಉದಾಹರಣೆಯಿದೆ.

ಅಧ್ಯಾಯ 5

2018ರ ಜುಲೈ 13. ಬೀದರ್ ಜಿಲ್ಲೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಬಂದಿದ್ದ ನಾಲ್ಕಾರು ಗೆಳೆಯರು ಹತ್ತಿರದ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರಲ್ಲೊಬ್ಬ ಕತಾರ್ ದೇಶದವನು, ವಿದೇಶದ ಚಾಕೊಲೇಟ್. ಮಕ್ಕಳ ಕಳ್ಳರು ಬಂದಿದ್ದಾರೆಂದು ಜನ ಸೇರಿದರು. ಗೆಳೆಯರು ಹೆದರಿ ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲೇ ಅವರ ವಿಡಿಯೊ ಮುರ್ಕಿಗೆ ತಲುಪಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿ, ಹಿಡಿದು ಬಡಿದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಇದೇ ಅನುಮಾನದ ಮೇಲೆ ಹೊಡೆದು ಕೊಂದಿದ್ದರು.

ಆ ದಿನಗಳಲ್ಲಿ ಎಲ್ಲರ ಫೋನಿಗೂ ಬಂದಿದ್ದ ವಿಡಿಯೊ ನೆನಪಿರಬಹುದು. ಬೀದಿಯಲ್ಲಿ ಹುಡುಗರು ಆಡುತ್ತಿರುತ್ತಾರೆ, ಬೈಕಿನಲ್ಲಿ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯದು. ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಅಲ್ಲಿನ ಸಂಸ್ಥೆಯೊಂದು ಮಾಡಿದ ಜಾಹೀರಾತು. ಮೂಲದಲ್ಲಿ ಆ ಇಬ್ಬರು ಬೈಕ್ ತಿರುಗಿಸಿಕೊಂಡು ಬಂದು ಮಗುವನ್ನು ಇಳಿಸುತ್ತಾರೆ. ಮಗು ಕದಿಯಲು ಒಂದು ಕ್ಷಣ ಸಾಕು, ಹುಷಾರು ಎಂಬರ್ಥದ ಫಲಕ ಬಿಚ್ಚಿ ಹಿಡಿಯುತ್ತಾರೆ. ಯಾರೋ ಅಷ್ಟನ್ನು ಕತ್ತರಿಸಿದ್ದರು. ಕತ್ತರಿಸಿದವನು ಎಲ್ಲಿಯವನೋ. ಆದರೆ ಅದನ್ನು ಬೀದರಿಗೆ, ಚಾಮರಾಜಪೇಟೆಗೆ ಮುಟ್ಟಿಸಿದವರು ಸ್ಟುಡಿಯೋದಲ್ಲಿ ಕೂತ ನಿರೂಪಕರಲ್ಲ. ಮಾರಿಕೊಂಡ ಮೀಡಿಯಾ ಅಲ್ಲ. ಮೇಷ್ಟ್ರುಗಳು, ಅಂಗನವಾಡಿಯವರು, ಚಿಕ್ಕಮ್ಮಂದಿರು, ಮಕ್ಕಳ ಮೇಲೆ ನಿಜಕ್ಕೂ ಪ್ರೀತಿಯಿದ್ದವರು. ‘ಸುಳ್ಳಾದ್ರೂ ಪರವಾಗಿಲ್ಲ, ಹುಷಾರಾಗಿರ್ಲಿ ಅಂತ ಕಳಿಸ್ದೆ’ ಎಂದವರು. ಪರವಾಗಿಲ್ಲವಂತೆ! ಯಾರ ಮಗನ ಜೀವ ಹೋದರೆ ಪರವಾಗಿಲ್ಲ?

ಮುರ್ಕಿಯ ಘಟನೆಯಾಗಿ ವಾರದಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸುವಂತಿಲ್ಲವೆಂದು ವಾಟ್ಸ್‌ಆ್ಯಪ್ ಹೇಳಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದದ್ದನ್ನು ಒಂದೇ ಕಡೆಗೆ ಎಂದು ಬಿಗಿ ಮಾಡಿತು. ನಮ್ಮ ಹೆಬ್ಬೆರಳಿಗೆ ಲಗಾಮು ಹಾಕಲು ಕ್ಯಾಲಿಫೋರ್ನಿಯಾದ ಕಂಪನಿ ಬೇಕಾಯಿತು.

ಅದೇ 2020ರಲ್ಲಿ ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ನಡೆದ ತಬ್ಲೀಗಿ ಜಮಾತ್ ಸಭೆಯ ನಂತರ ಕೋವಿಡ್ ಸೋಂಕಿಗೇ ಧರ್ಮ ಅಂಟಿಸಿ ವಾಹಿನಿಗಳು ವಾರಗಟ್ಟಲೆ ಕೂಗಿದವು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ವಿದೇಶಿ ತಬ್ಲೀಗಿಗಳನ್ನು ಬಲಿಪಶು ಮಾಡಲು ಆರಿಸಿಕೊಂಡಿರುವ ಸಾಧ್ಯತೆಯಿದೆ ಎಂದು ಬರೆಯಿತು. 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರ ಈ ಕೂಗಾಟಕ್ಕಾಗಿ ಒಂದು ಕನ್ನಡ ವಾಹಿನಿಗೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ ದಂಡ ಹಾಕಿತು. 1 ಲಕ್ಷವೇ ಆಗ ಅದರ ನಿಯಮದ ಗರಿಷ್ಠ ದಂಡವಾಗಿತ್ತು. ಆ ಮೊತ್ತ ಏನೂ ಸಾಲದೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ನನಗೆ ಮುಖ್ಯವೆನಿಸುವುದು ಬೇರೆ. ಆ ದಂಡ ತಾನಾಗಿ ಬೀಳಲಿಲ್ಲ. ಬೆಂಗಳೂರಿನ ಕೆಲವು ನಾಗರಿಕರು ಯಾವ ಕಾರ್ಯಕ್ರಮ, ಏನು ಹೇಳಿದರು ಎಂಬುದನ್ನು ಗುರುತು ಹಾಕಿಕೊಂಡು ದೂರು ಬರೆದರು, ವರ್ಷಕ್ಕೂ ಹೆಚ್ಚು ಕಾಲ ಕಾದರು. ಎಲ್ಲ ಮೀಡಿಯಾನೂ ಮಾರ್ಕೊಂಡಿದೆ ಎಂದು ಹೇಳಿ ಮಲಗಲಿಲ್ಲ. ಅವರನ್ನು ಯಾವ ಪತ್ರಿಕಾ ದಿನಾಚರಣೆಯಲ್ಲೂ ವೇದಿಕೆಗೆ ಕರೆದದ್ದನ್ನು ನಾನು ನೋಡಿಲ್ಲ.

ಶಿಫಾರಸುಗಳು

ಮಹಾಪ್ರಬಂಧಗಳ ಕೊನೆಯಲ್ಲಿ ಸರಕಾರಕ್ಕೆ ಹತ್ತು ಶಿಫಾರಸು ಮಾಡುವುದು ವಾಡಿಕೆ. ನನ್ನದು ಒಂದೇ, ಸರಕಾರಕ್ಕಲ್ಲ. ಕಳಿಸಿದ್ದು ಸುಳ್ಳೆಂದು ಗೊತ್ತಾದರೆ, ಕಳಿಸಿದ ಗುಂಪಿಗೇ ವಾಪಸು ಹೋಗಿ ‘ನಾನು ಕಳಿಸಿದ್ದು ಸುಳ್ಳು’ ಎಂದು ಒಂದು ಸಾಲು ಬರೆಯಿರಿ. ಅಳಿಸಿದರೆ ಸಾಲದು, ಓದಿದವರು ಓದಿಯಾಗಿರುತ್ತದೆ. ಚಿಕ್ಕಪ್ಪ, ಇದನ್ನು ನೀವು ಓದುತ್ತೀರೆಂದು ಗೊತ್ತು. ನೋಟಿನ ಚಿಪ್ಪಿನದರಿಂದಲೇ ಶುರು ಮಾಡಿ. ನೀವು ಬರೆದರೆ ಉಳಿದವರಿಗೂ ಧೈರ್ಯ ಬರುತ್ತದೆ.