ಅಡಿ ಲೆಕ್ಕದ ರಾಯರು

ಲೇಹ್‌ನಲ್ಲಿ ವಿಮಾನ ಇಳಿದ ಕೂಡಲೇ ಎಲ್ಲರೂ ಬೆಟ್ಟ ನೋಡಿದರೆ ನಮ್ಮ ರಾಯರು ಮೊಬೈಲ್ ನೋಡುತ್ತಾರೆ. ಎತ್ತರ ತೋರಿಸುವ ಆಪ್ ಅದರಲ್ಲಿದೆ. "10,600 ಚಿಲ್ಲರೆ ಅಡಿ. ನಮ್ಮ ಮಲ್ಲೇಶ್ವರ 3,000. ಮೂರೂವರೆ ಮಲ್ಲೇಶ್ವರ ಒಂದರ ಮೇಲೊಂದು ಇಟ್ಟ ಹಾಗೆ" ಎಂದು ಲಗೇಜಿಗೆ ಕಾಯುತ್ತಿರುವ ಅಪರಿಚಿತರಿಗೂ ತಿಳಿಸುತ್ತಾರೆ.

ಲಡಾಖ್‌ಗೆ ಹೊರಟ ಯಾವ ಕನ್ನಡ ಟೂರ್ ಗುಂಪನ್ನೇ ತೆಗೆದುಕೊಳ್ಳಿ, ಇಂಥ ರಾಯರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಯೂಟ್ಯೂಬಿನಲ್ಲಿ ಆಗಲೇ ಲಡಾಖ್ ಸುತ್ತಿ ಮುಗಿಸಿದವರು. ಮೊದಲ ದಿನ ಮಲಗಿರಿ, ನೀರು ಕುಡಿಯಿರಿ ಎಂದು ಹೋಟೆಲಿನ ಹುಡುಗ ಹೇಳಿದರೆ ಅವರಿಗೆ ಅವಮಾನ. "ದಿನಾ ಐದು ಕಿಲೋಮೀಟರ್ ವಾಕ್ ಮಾಡೋನಪ್ಪಾ ನಾನು!" ಸಂಜೆಗೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಲು ಹೊರಡುತ್ತಾರೆ, ಕಾಲು ಭಾಗ ಹತ್ತಿ ಕೂತುಬಿಡುತ್ತಾರೆ. ಯಾಕೆ ಎಂದರೆ, "ವ್ಯೂ ನೋಡ್ತಿದೀನಿ." ಗಾಳಿಯ ಒತ್ತಡ ಅಲ್ಲಿ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ, ಶ್ವಾಸಕೋಶಕ್ಕೆ ಪಾರ್ಕಿನ ಹತ್ತು ಸುತ್ತಿನ ಹಳೇ ಠೇವಣಿ ನೆರವಾಗುವುದಿಲ್ಲ. ರಾತ್ರಿ ತಲೆ ಸಿಡಿಯತೊಡಗಿದಾಗ ಅವರು ದೂರುವುದು ಮಧ್ಯಾಹ್ನದ ಪನೀರನ್ನು.

ಎದುರಿಗೆ ಸಿಕ್ಕವರಿಗೆಲ್ಲ ಲಡಾಖಿ ನಮಸ್ಕಾರವಾದ "ಜುಲೇ" ಅನ್ನುವುದು ಇನ್ನೊಂದು ಗೀಳು. ರಸ್ತೆ ಕೆಲಸಕ್ಕೆ ಜಾರ್ಖಂಡ್‌ನಿಂದ ಬಂದವರಿಗೂ ಜುಲೇ. ಮಂಕಿ ಕ್ಯಾಪ್ ಹಾಕಿದ ಇನ್ನೊಬ್ಬರಿಗೆ ಕೈಮುಗಿದು ಜುಲೇ ಅಂದರೆ, ಅವರು "ಬೆಂಗಳೂರಾ ಸಾರ್? ಯಾವ ಏರಿಯಾ?" ಅನ್ನುತ್ತಾರೆ.

ಖಾರ್ದುಂಗ್ ಲಾ ಹತ್ತಿದಾಗ ಅವರ ಆಪ್‌ಗೆ ನಿಜವಾದ ಕೆಲಸ. ಅಲ್ಲಿನ ಫಲಕ ವರ್ಷಾನುಗಟ್ಟಲೆ ಸಾರಿಕೊಂಡು ಬಂದದ್ದು 18,380 ಅಡಿ. ಜಿಪಿಎಸ್ ಅಳತೆಗೆ ಸಿಗುವುದು ಸುಮಾರು 17,580. "ಎಂಟುನೂರು ಅಡಿ ಎಲ್ಲಿ ಹೋಯ್ತು?" ಎಂದು ಫೋಟೊಗೆ ಸಾಲು ನಿಂತವರನ್ನು ಕೇಳುತ್ತಾ ಹೋಗುತ್ತಾರೆ. ಪ್ರಶ್ನೆಯೇನೋ ನ್ಯಾಯವಾದದ್ದೇ. ಆದರೆ ಮೂಗು ಎಲ್ಲಿದೆ ಎಂದೇ ಗೊತ್ತಾಗದ ಚಳಿಯಲ್ಲಿ ಆಡಿಟ್ ಯಾರಿಗೆ ಬೇಕು? ಸ್ಟೇಟಸ್ ಹಾಕುವಾಗ ಮಾತ್ರ ರಾಯರೂ 18,380 ಎಂದೇ ಹಾಕುತ್ತಾರೆ.

ಅಲ್ಲೇ ಗಾಡಿಯೊಳಗೆ ಹೆಂಡತಿ ಬ್ಯಾಗು ತೆರೆದರೆ ಊರಿನಲ್ಲಿ ಸೀಲ್ ಮಾಡಿಸಿದ್ದ ಚಟ್ನಿಪುಡಿ ಪೊಟ್ಟಣ ಪೂರಿಯ ಹಾಗೆ ಉಬ್ಬಿ ಕೂತಿದೆ. "ಹೊರಗೆ ಒತ್ತಡ ಕಮ್ಮಿ, ಒಳಗಿರೋದು ಬೆಂಗಳೂರಿನ ಗಾಳಿ" ಎಂದು ರಾಯರು ಪಾಠ ಶುರುಮಾಡಿ, ಪ್ರಯೋಗಕ್ಕೆಂದು ಹಲ್ಲಿನಿಂದಲೇ ಮೂಲೆ ಹರಿಯುತ್ತಾರೆ. ಬೆಂಗಳೂರಿನ ಗಾಳಿ ಫಸ್ಸೆಂದು ಹೊರಬೀಳುತ್ತದೆ, ಬ್ಯಾಡಗಿ ಮೆಣಸಿನಕಾಯಿಯ ಸಮೇತ. ಮೊದಲೇ ಕೊರತೆಯಲ್ಲಿರುವ ಉಸಿರಿನಲ್ಲಿ ಇಡೀ ಗಾಡಿ ಸೀನುತ್ತದೆ. ಡ್ರೈವರ್ ಮಾತ್ರ ಟೋಪಿ ಕೊಡವಿ, ಬೆರಳಿಗಂಟಿದ್ದನ್ನು ನೆಕ್ಕಿ ನೋಡಿ, ಇನ್ನಿದೆಯೇ ಎಂದು ಕೇಳುತ್ತಾನೆ.

ಹುಂಡರ್‌ನ ಮರಳು, ಎರಡು ಡುಬ್ಬದ ಒಂಟೆ, ಹಿಂದೆ ಹಿಮದ ಗೆರೆ: ಇದನ್ನೆಲ್ಲ ಸುಮ್ಮನೆ ನಿಂತು ನೋಡುವವರು ಅವರ ಹೆಂಡತಿ. ರಾಯರು ಡುಬ್ಬಕ್ಕೆಷ್ಟು ಎಂದು ಬಾಡಿಗೆ ಚೌಕಾಸಿಯಲ್ಲಿರುತ್ತಾರೆ. ಪಾಂಗಾಂಗ್ ಸರೋವರ ಗಳಿಗೆಗೊಂದು ನೀಲಿಗೆ ತಿರುಗುತ್ತಿದ್ದರೆ, ಅದರ 134 ಕಿಲೋಮೀಟರ್ ಉದ್ದ ಕೇಳಿ ಅವರಿಗೆ ನೆನಪಾಗುವುದು ಬೆಂಗಳೂರಿಗೆ ನೀರು ತರುವ ಕಾವೇರಿ ಐದನೇ ಹಂತ. "ಇಷ್ಟೊಂದು ನೀರು! ಒಂದು ಪೈಪ್‌ಲೈನ್..." ನೀರು ಉಪ್ಪು ಎಂದು ತಿಳಿದಾಗ ಮುಖ ಬಾಡುತ್ತದೆ.

"ರೀ, ಒಂದು ಗಳಿಗೆ ಆ ಆಪ್ ಮುಚ್ಚಿಡಿ" ಅನ್ನುತ್ತಾರೆ ಆಕೆ.

ಕೊನೆಗೆ ಹಾನ್ಲೆ. 2022ರಲ್ಲಿ ಅದನ್ನು ಕಗ್ಗತ್ತಲ ಆಕಾಶದ ಸಂರಕ್ಷಿತ ವಲಯ ಎಂದು ಘೋಷಿಸಿದ ಮೇಲೆ ನಕ್ಷತ್ರ ತೋರಿಸುವುದಕ್ಕೆ ಊರಿನವರೇ ತರಬೇತಿ ಪಡೆದಿದ್ದಾರೆ. ಅಲ್ಲಿನ ಹುಡುಗಿ ತನ್ನ ದೂರದರ್ಶಕದಲ್ಲಿ ಶನಿಯ ಉಂಗುರ ತೋರಿಸಿದಾಗ ರಾಯರು, ಅಪರೂಪಕ್ಕೆ, ಮಾತಾಡುವುದಿಲ್ಲ. ಆಮೇಲೆ ಗುಡ್ಡದ ಮೇಲಿನ ದೊಡ್ಡ ದೂರದರ್ಶಕದ ವಿಚಾರಣೆ ಶುರು.

"14,800 ಅಡಿಯಲ್ಲಿ ರಾತ್ರಿಯೆಲ್ಲಾ ಅದರ ಹತ್ತಿರ ಕೂತು ನೋಡೋರು ಯಾರಮ್ಮಾ?"

"ವಿಜ್ಞಾನಿಗಳು ಉಪಗ್ರಹ ಸಂಪರ್ಕದಲ್ಲಿ ದೂರದಿಂದಲೇ ನಡೆಸುತ್ತಾರೆ ಅಂಕಲ್. ನಿಮ್ಮ ಬೆಂಗಳೂರಿನ ಹತ್ತಿರವಂತೆ, ಹೊಸಕೋಟೆ."

ಹೊಸಕೋಟೆ ಎಂದರೆ ರಾಯರ ಮಗ ಭಾನುವಾರ ನಸುಕಿನಲ್ಲಿ ಬಿರಿಯಾನಿಗೆ ಸಾಲು ನಿಲ್ಲುವ ಊರು. ರಾಯರು ಹೆಂಡತಿಯ ಕಡೆ ತಿರುಗುತ್ತಾರೆ.

"ನೋಡಿದ್ಯೇನೇ? ಬಸ್ಸಲ್ಲಿ ಹೋಗಬಹುದಿತ್ತು!"