ಶೋಧಾನುಪಲಬ್ಧಿ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ: ಸಾಫ್ಟ್‌ವೇರಿನ ‘ಸಹಾಯ’ ಪುಟಗಳಲ್ಲಿ ಹುಡುಕಿದ್ದು ಸಿಗದಿರುವುದು. ಪ್ರಯೋಜನ: ಸಿಗುವಂತೆ ಮಾಡುವುದು. ಸಂಬಂಧ: ಹುಡುಕುವವರಿಗೂ ಬರೆದವರಿಗೂ ಈವರೆಗೆ ಯಾವ ಸಂಬಂಧವೂ ಇಲ್ಲ, ರೋಗದ ಮೂಲವೇ ಅದು. ಅಧಿಕಾರಿ: ‘ಸಹಾಯ’ ಎಂಬಲ್ಲಿ ಒತ್ತಿ, ಹತ್ತು ನಿಮಿಷ ಒದ್ದಾಡಿ, ಕೊನೆಗೆ ಪಕ್ಕದ ಮನೆ ಹುಡುಗನನ್ನು ಕೂಗಿ ಕರೆದ ಯಾರೇ ಆದರೂ ಸರಿ.

ಪ್ರಸಂಗ

ಸ್ಥಳ ಚಾಮರಾಜಪೇಟೆ, ಒಂದು ಪತ್ತಿನ ಸಹಕಾರ ಸಂಘ. ಪ್ರಸ್ತುತ ಸಂಶೋಧಕನು (ನಿವೃತ್ತ ಮೇಷ್ಟ್ರು, ಮಂಡಿನೋವು ಇದೆ) ಆರ್‌ಡಿ ಕಂತು ಕಟ್ಟಲು ಸಾಲಿನಲ್ಲಿ ನಿಂತಿದ್ದನು. ಕೌಂಟರಿನ ಹುಡುಗಿ ದುಡ್ಡು ಎಣಿಸಿಕೊಂಡಳು, ರಶೀದಿಗೆಂದು ಕೀಲಿ ಒತ್ತಿದಳು. ಪ್ರಿಂಟರು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಆಕೆ ಸಹಾಯದ ಕಿಂಡಿ ತೆರೆದು ‘ರಶೀದಿ ಪ್ರಿಂಟ್ ಬರ್ತಿಲ್ಲ’ ಎಂದು ಬರೆದಳು. ಉತ್ತರ ಬಂತು: ‘0 ಫಲಿತಾಂಶಗಳು’. ಬರೀ ‘ಪ್ರಿಂಟ್’ ಎಂದು ಬರೆದಳು. ಮೊದಲು ಬಂದದ್ದು ಹೊಸ ಆವೃತ್ತಿಯ ಗುಣಗಾನ, ಎರಡನೆಯದು ಪರವಾನಗಿಯ ಷರತ್ತು. ಸಾಲು ಬಾಗಿಲು ದಾಟಿ ಫುಟ್‌ಪಾತಿಗೆ ಇಳಿಯಿತು.

ಬೇಕಾದ ಪುಟ ಇರಲಿಲ್ಲವೇ? ಇತ್ತು. ಅದರ ಹೆಸರು ‘ಸ್ವೀಕೃತಿಪತ್ರ ಮುದ್ರಣದ ಮಾಪನಾಂಕ ನಿರ್ಣಯ’. ಈ ಹೆಸರು ಹಿಡಿದು ಹುಡುಕಬಲ್ಲವನಿಗೆ ಆ ಪುಟದ ಅಗತ್ಯವೇ ಬೀಳುವುದಿಲ್ಲ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಪೂರ್ವಪಕ್ಷ ಮತ್ತು ಖಂಡನ

ಸಾಫ್ಟ್‌ವೇರ್ ಪಕ್ಷದವರ ವಾದ ಇದು: ಯಂತ್ರ ಸೊನ್ನೆ ಎಂದಿತು, ಆದ್ದರಿಂದ ವಸ್ತು ಇಲ್ಲ. ಇವರು ತಮಗರಿಯದೆಯೇ ಕುಮಾರಿಲ ಭಟ್ಟನ ಅಂಗಳಕ್ಕೆ ಕಾಲಿಟ್ಟಿದ್ದಾರೆ. ಭಾಟ್ಟ ಮೀಮಾಂಸಕರು ‘ಕಾಣದಿರುವಿಕೆ’ಯನ್ನೇ ಒಂದು ಪ್ರಮಾಣವೆಂದು ಒಪ್ಪಿ, ಅದಕ್ಕೆ ಅನುಪಲಬ್ಧಿ ಎಂದು ಹೆಸರಿಟ್ಟು, ಆರನೆಯ ಮಣೆ ಹಾಕಿ ಕೂರಿಸಿದರು. ಆದರೆ ಮಣೆಗೆ ಷರತ್ತು ಇದೆ. ವಸ್ತು ಅಲ್ಲಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಹಾಡಹಗಲಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕರೆಂಟು ಹೋದಾಗ ಕಾಣದಿದ್ದರೆ ಇಲ್ಲದಿರುವುದು ಕರೆಂಟು, ಗಡಿಗೆಯಲ್ಲ. ಸಹಾಯದ ಕಿಂಡಿಯಲ್ಲಿ ಬರುವ ಸೊನ್ನೆ ಈ ಎರಡನೆಯ ಜಾತಿಯದು. ಪೂರ್ವಪಕ್ಷ ಬಿತ್ತು.

ಸಂಪ್ರದಾಯ

ಈ ಶಾಸ್ತ್ರಕ್ಕೆ ನಮ್ಮೂರಲ್ಲೇ ಗುರುಪೀಠವಿತ್ತು. ‘ಡಾಕ್ಯುಮೆಂಟೇಶನ್’ ಎಂಬ ಪದ ಐಟಿಯವರ ಬಾಯಿಗೆ ಬೀಳುವುದಕ್ಕೆ ಎಷ್ಟೋ ಮೊದಲು, 1962ರಲ್ಲಿ, ಎಸ್. ಆರ್. ರಂಗನಾಥನ್ ಅವರು ಆ ಪದವನ್ನೇ ಹೆಸರಿನಲ್ಲಿಟ್ಟುಕೊಂಡ ಒಂದು ಸಂಶೋಧನಾ ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಕಟ್ಟಿದರು. ಡಿಆರ್‌ಟಿಸಿ ಎನ್ನುತ್ತಾರೆ. ಈಗ ಮೈಸೂರು ರಸ್ತೆಯಲ್ಲಿರುವ ಅದು ಆಗ ಇದ್ದದ್ದು ಮಲ್ಲೇಶ್ವರದ 11ನೇ ಅಡ್ಡರಸ್ತೆಯಲ್ಲಿ. ಗಣಿತದ ಮೇಷ್ಟ್ರಾಗಿದ್ದ ಅವರು ಮದರಾಸಿನಲ್ಲಿ ಗ್ರಂಥಪಾಲರಾಗಿ, 1931ರಲ್ಲಿ ಐದು ಸೂತ್ರ ಬರೆದರು. ನಾಲ್ಕನೆಯದರ ತಾತ್ಪರ್ಯ ಇಷ್ಟೇ: ಓದುಗನ ಹೊತ್ತು ಉಳಿಸು. ಇದನ್ನು ಚೌಕಟ್ಟು ಹಾಕಿಸಿ ಎಲ್ಲ ಸಾಫ್ಟ್‌ವೇರ್ ಕಚೇರಿಗಳಲ್ಲೂ ತೂಗುಹಾಕಬಹುದಿತ್ತು. ಈಗಿನ ಗೋಡೆಗಳ ಮೇಲೆ ಬೀನ್‌ಬ್ಯಾಗಿನ ನೆರಳಷ್ಟೇ ಇದೆ.

ಅವರ ಕೋಲನ್ ವರ್ಗೀಕರಣದಲ್ಲಿ ಯಾವ ವಿಷಯವನ್ನಾದರೂ ಐದು ಮುಖಗಳಿಂದ ನೋಡಬಹುದು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ನಮ್ಮ ಪ್ರಸಂಗಕ್ಕೆ ಹಚ್ಚಿದರೆ ರಶೀದಿ, ಕಾಗದ, ಮುದ್ರಣ, ಕೌಂಟರು, ತಿಂಗಳ ಮೊದಲ ಸೋಮವಾರ. ಇದು ದೊಡ್ಡ ಪಾಂಡಿತ್ಯವೆಂದು ಯಾರೂ ಹೆದರಬೇಕಾಗಿಲ್ಲ. ‘ಎಂಟನೇ ಕ್ರಾಸ್’ ಎಂದರೆ ಆಟೋದವನು ‘ಮಲ್ಲೇಶ್ವರಾನಾ, ಬೇರೆ ಕಡೇನಾ?’ ಎಂದು ಕೇಳಿಯೇ ಮೀಟರು ಹಾಕುತ್ತಾನೆ. ಅವನು ದೇಶವೆಂಬ ಮುಖವನ್ನು ತುಂಬಿಕೊಂಡ. ಸಹಾಯದ ಕಿಂಡಿಯಾದರೋ ಊರಿನ ಎಂಟನೇ ಕ್ರಾಸುಗಳನ್ನೆಲ್ಲ ಪಟ್ಟಿ ಮಾಡಿ ಕೈಗಿಟ್ಟು ಕಣ್ಮುಚ್ಚುತ್ತದೆ.

ಕ್ಷೇತ್ರಕಾರ್ಯ

ಗ್ರಂಥಾಲಯ, ಗ್ರಂಧಿಗೆ ಅಂಗಡಿ, ಇವೆರಡೂ ಒಂದೇ ಧಾತುವಿನಿಂದ ಹುಟ್ಟಿದವು ಎಂಬುದು ಪ್ರಸ್ತುತ ಸಂಶೋಧಕನ ಮತ. ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಇದೇ ಚಾಮರಾಜಪೇಟೆಯಲ್ಲಿ, ಅದರ ನಿಘಂಟು ಎಂಟು ಸಂಪುಟ. ಅದನ್ನು ತೆರೆದರೆ ಮತ ಬಿದ್ದುಹೋಗುವ ಭಯವಿರುವುದರಿಂದ ತೆರೆಯಲಿಲ್ಲ. ಅಲ್ಲದೆ ಗ್ರಂಧಿಗೆ, ಗ್ರಂದಿಗೆ, ಗಂಧಿಗೆ ಎಂದು ಜನ ಬೇರೆ ಬೇರೆ ಬರೆಯುತ್ತಾರೆ. ಯಾವುದನ್ನು ನೋಡುವುದು? ನೇರ ಗಾಂಧಿ ಬಜಾರಿಗೆ ಹೋಗಿ ಅಂತಹದೊಂದು ಅಂಗಡಿಯ ಮೆಟ್ಟಿಲ ಬಳಿ ನಿಂತದ್ದಾಯಿತು. ಗೋಡೆ ತುಂಬ ಡಬ್ಬಗಳು, ಒಂದಕ್ಕೂ ಚೀಟಿ ಇಲ್ಲ. ಒಬ್ಬ ಅಜ್ಜಿ ಬಂದರು.

“ಶೆಟ್ರೇ, ಆ ಬೇರು ಕೊಡಿ. ಹಾಡೋರು ಬಾಯಲ್ಲಿಟ್ಕೋತಾರಲ್ಲ, ಸಿಹಿಯಾಗಿರತ್ತೆ.”

“ಜ್ಯೇಷ್ಠಮಧು ಅಲ್ವೇನಮ್ಮಾ?”

“ಅಲ್ಲಪ್ಪ, ನಮ್ಮನೇಲಿ ಅತಿಮಧುರ ಅಂತಿದ್ರು.”

“ಅದೂ ಇದೇನೇ. ತುಂಡು ಬೇಕೋ, ಪುಡಿ ಬೇಕೋ?”

ಅಷ್ಟರಲ್ಲಿ ಪೊಟ್ಟಣ ಕಟ್ಟಿ ಆಗಿತ್ತು. ಪ್ರಶ್ನೆಯಲ್ಲಿ ವಸ್ತುವಿನ ಹೆಸರೇ ಇರಲಿಲ್ಲ. ಬಳಕೆ ಇತ್ತು, ರುಚಿ ಇತ್ತು. ಎರಡು ಹೆಸರಿಗೆ ಒಂದೇ ಡಬ್ಬವಿತ್ತು. ಅನುಮಾನ ಬಂದಲ್ಲಿ ಒಂದೇ ಒಂದು ಮರುಪ್ರಶ್ನೆ. ಬಂದ ಫಲಿತಾಂಶವೂ ಒಂದೇ. ಅಜ್ಜಿಯ ಹಿಂದೆ ಬಂದವರೊಬ್ಬರು ಏನೋ ಕೇಳಿದರು, ಅದು ಇರಲಿಲ್ಲ. ಶೆಟ್ಟರು ಇಲ್ಲ ಎಂದರು. ಎಂದವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚಿಕೊಂಡರು. ಅಲ್ಲಿ ಮೊದಲೇ ಒಂದು ಪಟ್ಟಿ ಇತ್ತು. “ಪೇಟೆಗೆ ಹೋದಾಗ ತರೋಕೆ ಸಾರ್. ಕೇಳಿದ್ದನ್ನ ಬರಕೊಳ್ದೆ ಇದ್ರೆ ನಮಗೇನು ಗೊತ್ತಾಗತ್ತೆ?”

ಸೂತ್ರಗಳೂ ವೃತ್ತಿಯೂ

1. ನೊಂದವರ ಮಾತೇ ಶೀರ್ಷಿಕೆ.
ಪುಟಕ್ಕೆ ಹೆಸರಿಡುವವನು ಸಾಫ್ಟ್‌ವೇರ್ ಮಾಡಿದವನ ಬಾಯಿಂದಲ್ಲ, ಸಾಲಿನಲ್ಲಿ ನಿಂತವರ ಬೈಗುಳದಿಂದ ಹೆಸರು ಹೆಕ್ಕಬೇಕು. ‘ಮಾಪನಾಂಕ ನಿರ್ಣಯ’ ಒಳಗೆ ಎಲ್ಲಾದರೂ ಇರಲಿ, ಬಾಗಿಲ ಮೇಲೆ ಬೇಡ.

2. ಹೆಸರು ಹಲವು, ಡಬ್ಬ ಒಂದು.
ರಶೀದಿ, ರಸೀದಿ, ಬಿಲ್ಲು, ಸ್ವೀಕೃತಿ, ಇವೆಲ್ಲ ಒಂದೇ ಡಬ್ಬಕ್ಕೆ ಹೋಗಬೇಕು. ವಿಭಕ್ತಿಗಳ ಬಾಲವನ್ನೂ ನೋಡಿಕೊಳ್ಳಬೇಕು. ಇಂಗ್ಲಿಷಿನ ಪದಗಳ ಬಾಲ ಕತ್ತರಿಸಲು ಮಾರ್ಟಿನ್ ಪೋರ್ಟರ್ 1980ರಲ್ಲೇ ಒಂದು ವಿಧಾನ ಕೊಟ್ಟ. ಅಲ್ಲಿ ಬಾಲ ಗಿಡ್ಡ. ನಮ್ಮಲ್ಲಿ ‘ಪ್ರಿಂಟರಿನಲ್ಲಾದರೂ’ ಎನ್ನುವ ಪದದಲ್ಲಿ ಪ್ರಿಂಟರು ಎಲ್ಲಿ ಮುಗಿಯಿತು, ಹತಾಶೆ ಎಲ್ಲಿ ಶುರುವಾಯಿತು ಎಂದು ಹೇಳಲು ವ್ಯಾಕರಣಕಾರ ಕೇಶಿರಾಜನೇ ಬರಬೇಕು.

3. ಕಣ್ಣಿಗೆ ಅದ್ವೈತ, ಯಂತ್ರಕ್ಕೆ ದ್ವೈತ.
‘ಸಂಘ’, ‘ಸ೦ಘ’. ಓದುಗರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಲಿ. ಮೊದಲನೆಯದರಲ್ಲಿರುವುದು ಅನುಸ್ವಾರ, ಎರಡನೆಯದರಲ್ಲಿರುವುದು ಕನ್ನಡದ ಅಂಕಿ ಸೊನ್ನೆ. ಯೂನಿಕೋಡಿನಲ್ಲಿ ಇಬ್ಬರ ಮನೆ ನಂಬರೂ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ‘ಸಾಫ್ಟ್‌ವೇರ್’ ಎಂದು ಬಿಡಿಸಿ ತೋರಿಸಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ; ಅದನ್ನು ಬಿಟ್ಟು ಬರೆದವರಿಗೆ ‘ಸಾಫ್ಟ್ವೇರ್’ ಆಗಿ, ಯಂತ್ರದ ಪಾಲಿಗೆ ಅದು ಬೇರೆಯೇ ಪದಾರ್ಥ. ಹುಡುಕುವ ಮೊದಲು ಇವನ್ನೆಲ್ಲ ಒಂದು ರೂಪಕ್ಕೆ ತರುವುದು ಯಂತ್ರದ ಕೆಲಸ. ಕೌಂಟರಿನ ಹುಡುಗಿಯದಲ್ಲ.

4. ಎಲ್ಲೆಲ್ಲೂ ಇರುವುದು ಎಲ್ಲಿಗೂ ದಾರಿ ತೋರಿಸದು.
ಗಾಂಧಿ ಬಜಾರಿನಲ್ಲಿ ನಿಂತು ಫೋನಿನಲ್ಲಿ ‘ಹೂವಿನ ಅಂಗಡಿ ಮುಂದೆ ಇದ್ದೀನಿ, ಬಾ’ ಎಂದ ಗಂಡಂದಿರು ಎಷ್ಟು ಹೊತ್ತು ಒಬ್ಬರೇ ನಿಂತಿದ್ದಾರೆ ಎಂಬುದು ಅವರ ಹೆಂಡಂದಿರಿಗೆ ಗೊತ್ತು. ‘ಕೆಂಡಸಂಪಿಗೆ ಇಟ್ಕೊಂಡಿರೋ ಅಜ್ಜಿ ಹತ್ರ’ ಎಂದಿದ್ದರೆ ಕೆಲಸವಾಗುತ್ತಿತ್ತು. ಅಪರೂಪದ ಪದಕ್ಕೆ ತೂಕ ಹೆಚ್ಚು ಎಂಬ ಈ ಮಾತನ್ನು ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ಬ್ರಿಟಿಷ್ ವಿದುಷಿ ಗಣಿತಕ್ಕೆ ಇಳಿಸಿದ್ದು 1972ರಲ್ಲಿ. ರಂಗನಾಥನ್ ಬೆಂಗಳೂರಿನಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಸಹಾಯದ ಪುಟಗಳಲ್ಲಿ ‘ಕ್ಲಿಕ್ ಮಾಡಿ’ ಎಂಬುದು ಹೂವಿನ ಅಂಗಡಿ. ‘ಗುರ್ ಅನ್ನತ್ತೆ’ ಎಂಬುದು ಕೆಂಡಸಂಪಿಗೆ.

5. ಇಲ್ಲ ಎಂದದ್ದನ್ನು ಬರೆದಿಡು.
ಇದೊಂದು ಸೂತ್ರ ಪಾಲಿಸಿದರೆ ಮೇಲಿನ ನಾಲ್ಕೂ ತಾವಾಗಿ ಒದಗುತ್ತವೆ. ಸೊನ್ನೆ ಬಂದ ಒಂದೊಂದು ಹುಡುಕಾಟವೂ ಯಂತ್ರದ ಹೊಟ್ಟೆಯಲ್ಲಿ ದಾಖಲಾಗಬಲ್ಲದು. ತಿಂಗಳಿಗೊಮ್ಮೆ ಯಾರಾದರೂ ಕೂತು ಅದನ್ನು ಓದಿ, ಅಲ್ಲಿರುವ ಮಾತನ್ನೇ ಪುಟಕ್ಕೆ ಸೇರಿಸಿದರೆ ಸಾಕು. ಯಾರೂ ಓದುವುದಿಲ್ಲ. ಕ್ಯಾಲೆಂಡರಿನ ಹಿಂಬದಿ ಇಲ್ಲದ್ದರಿಂದ ಇರಬಹುದು.

ಫಲಶ್ರುತಿ

ಈ ಗ್ರಂಥವನ್ನು ಶುದ್ಧಪ್ರತಿ ಮಾಡಿ, ಮುಂದಿನ ತಿಂಗಳ ಕಂತಿನ ಜೊತೆಗೆ ಸಂಘಕ್ಕೆ ಒಯ್ದು, ಕೌಂಟರಿನ ಕಿಂಡಿಯಲ್ಲಿ ಸರಿಸಿದೆನು. ಹುಡುಗಿ ಶೀರ್ಷಿಕೆಯನ್ನು ಎರಡು ಸಲ ಓದಿ, ಮುಖ ಸಣ್ಣದು ಮಾಡಿಕೊಂಡು, “ಯಾರಾದ್ರೂ ಹೋಗ್ಬಿಟ್ರಾ ಮೇಷ್ಟ್ರೇ?” ಎಂದಳು.

ಅನುಪಲಬ್ಧಿಯ ಅರ್ಥ ವಿವರಿಸತೊಡಗಿದೆ. ಸಾಲು ಬೆಳೆಯಿತು. ಆಕೆ ರಶೀದಿ ಹರಿದು ಕೊಟ್ಟಳು. ಪ್ರಿಂಟರು ಸರಾಗವಾಗಿ ಓಡುತ್ತಿತ್ತು. ಅದರ ಮಗ್ಗುಲಲ್ಲಿ, ದಾರಕ್ಕೆ ಕಟ್ಟಿದ ಇನ್ನೂರು ಪುಟದ ರಫ್ ಪುಸ್ತಕ. ಮೊದಲ ಹಾಳೆಯಲ್ಲಿ ಗುಂಡಗಿನ ಅಕ್ಷರ: ‘ಪ್ರಿಂಟ್ ಬರ್ತಿಲ್ಲ, ಗುರ್ ಅನ್ನತ್ತೆ — ಸಹಾಯದಲ್ಲಿ ಮಾಪನಾಂಕ ಅಂತ ಹುಡುಕಿ’. ಅದರ ಕೆಳಗೆ ಇಂಥವೇ ಹದಿನೇಳೋ ಹದಿನೆಂಟೋ ಸಾಲು. ರಜೆಯ ದಿನ ಬದಲಿಗೆ ಬರುವ ಹುಡುಗನಿಗೆ ಅಂತೆ.

“ಇದು ಪ್ರಿಂಟರ್ ವಿಷಯಾನೇ ಅಲ್ವಾ ಮೇಷ್ಟ್ರೇ?” ಎಂದು ಕೇಳಿ, ನನ್ನ ಗ್ರಂಥವನ್ನು ಕಂಪ್ಯೂಟರಿನ ಹಿಂದಿನ ಸಂದಿಯಲ್ಲಿಟ್ಟಳು. ಪುಸ್ತಕ ಎಳೆದುಕೊಂಡು ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: ‘ಮೇಷ್ಟ್ರ ಲೇಖನ — ಪ್ರಿಂಟ್ ಬರ್ತಿಲ್ಲ ನೋಡಿ’.