ಕೆರೆ ಗೈಡು ಓದುವುದಿಲ್ಲ

ಪರಿಸರ ರಸಾಯನಶಾಸ್ತ್ರದ ಸ್ಪರ್ಧೆ ಹತ್ತಿರ ಬಂದರೆ ಮಕ್ಕಳು ಮೊದಲು ಮಾಡುವ ಕೆಲಸ ನೀರಿನ ಆಮ್ಲಜನಕಕ್ಕೆ ಸಂಬಂಧಿಸಿದ ಡಿಒ, ಬಿಒಡಿ, ಸಿಒಡಿ ಎಂಬ ಅಳತೆಗಳನ್ನು ಮಗ್ಗಿಯಂತೆ ಉರುಹೊಡೆಯುವುದು. ಅಪ್ಪಂದಿರ ಪಾಲಿಗೆ ಥರ್ಮೋಕೋಲ್ ಮಾದರಿ. ಪಾಪ, ಕೆರೆಯ ನೀರಿಗೆ ಇದರ ಸುದ್ದಿಯೇ ಇಲ್ಲ. ಸೊನ್ನೆ ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 25 ಡಿಗ್ರಿಯಲ್ಲಿ 8.3 ಮಾತ್ರ. ಸಾಲದ್ದಕ್ಕೆ, ಬೆಳ್ಳಂದೂರು ಕೆರೆಯ ನೀರನ್ನು ಬಾಟಲಿಗೆ ತುಂಬಿ, ಬಿಸಿಲಲ್ಲಿ ಸ್ಕೂಟರ್ ಮೇಲೆ ಲ್ಯಾಬಿಗೆ ತಂದರೆ, ಇದ್ದಬದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಸಿಗ್ನಲ್ಲಿನಲ್ಲೇ ತಿಂದು ಮುಗಿಸಿರುತ್ತವೆ. ಹಂಗೇರಿಯ ರಸಾಯನಶಾಸ್ತ್ರಜ್ಞ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ, ಆಮ್ಲಜನಕ ಅಳೆಯುವ ವಿಧಾನದಲ್ಲಿ ಮ್ಯಾಂಗನೀಸ್ ಲವಣ, ಕ್ಷಾರೀಯ ಅಯೋಡೈಡ್‌ಗಳನ್ನು ದಡದಲ್ಲೇ ಬೆರೆಸುವುದು ಈ ನಷ್ಟ ತಪ್ಪಿಸಲೆಂದೇ. ಈ ಕಾರಣ ತಿಳಿಯದೆ ಸಮೀಕರಣ ಬಾಯಿಪಾಠ ಮಾಡಿ ಏನು ಬಂತು?

‘ಬಹುಮಾನ ಬರುವುದು ಬಾಯಿಪಾಠಕ್ಕೇ’ ಎನ್ನುವವರಿದ್ದಾರೆ. ಮೊದಲ ಸುತ್ತಿನ ಪ್ರಶ್ನೆಪತ್ರಿಕೆಯ ಮಟ್ಟಿಗೆ ನಿಜವೇ. ಆದರೆ ತೀರ್ಪುಗಾರರು, ‘ನೀರು ತಂದದ್ದು ಎಷ್ಟು ಹೊತ್ತಿಗೆ?’ ಎಂದು ಕೇಳಿದ ಕೂಡಲೇ ಮಗ್ಗಿ ಬಾಯಿ ಮುಚ್ಚುತ್ತದೆ. ರಾಸಾಯನಿಕಗಳು ದುಬಾರಿ ಎನ್ನುವ ಆಕ್ಷೇಪಣೆಗೂ ತೂಕವಿದೆ. ಆದರೆ ಉಷ್ಣತೆ ಅಳೆದು, ಪಿಎಚ್ ಕಾಗದ ಅದ್ದಿ, ಸಮಯ ಬರೆದಿಡಲು ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಬೆಳಗ್ಗೆ ಬೇಗ ಏಳುವ ಅಭ್ಯಾಸ. ಆದ್ದರಿಂದ ಅಪ್ಪಂದಿರೇ, ಈ ಸಲ ಥರ್ಮೋಕೋಲ್ ಬಿಡಿ, ಥರ್ಮಾಮೀಟರ್ ಕೊಡಿಸಿ.